ಸ್ಪಿರಿಟ್ ಅರ್ಧಕ್ಕರ್ಧ ಕೂಡಿಸಿ ಕಾರ್ ಓಡಿಸ್ರಿ ಅಂತಾರ: ಗೊತ್ತಿದ್ದವ್ರು ಹೇಳ್ರಿ

ನವನಗರ, ಹುಬ್ಬಳ್ಳಿ:
ನಮ್ಮ ಕಡೆ ಪುಢಾರಿ ಒಬ್ರು ಸಭಾದಾಗ, "ಸಕ್ರಿ ಕಾರ್ಖಾನಿ ಸ್ಪಿರಿಟ್ ತಂದು ಪೆಟ್ರೋಲ್‌ಗೆ ಅರ್ಧಕ್ಕರ್ಧ ಕೂಡಿಸ್ರಿ, ಇಂಜಿನ್ ತಂಪ ಇರತೈತಿ, ರೊಕ್ಕಾನೂ ಉಳೀತೈತಿ" ಅಂದಾರ. ಗಾಡಿ 2014ರದು, ಪೆಟ್ರೋಲ್, 1.2 ಲೀಟರ್. ಹಾಕಿ ನೋಡಿದವ್ರು ಇದ್ದೀರೇನ್ರಿ?

ಗೋಕುಲ ರೋಡ್ ಗ್ಯಾರೇಜ್:
ಲೆಕ್ಕಾನ ತಪ್ಪೈತಿ. ಬಂಕಿನ ಪೆಟ್ರೋಲಿನ್ಯಾಗ ಈಗಾಗ್ಲೇ ಶೇ 20 ಎಥನಾಲ್ ಐತಿ. ಸ್ಪಿರಿಟ್ ಅಂದ್ರೂ ಹೆಚ್ಚೂಕಮ್ಮಿ ಎಥನಾಲ್‌ನ, ಅರ್ಧ ಅದನ್ನ ಹೊಯ್ದ್ರ ಎಥನಾಲ್ ಶೇ 60ರ ಹತ್ರ ಹೋಗತೈತಿ. ಒಂದ್ ಕೆಜಿ ಪೆಟ್ರೋಲ್ ಉರಿಯಾಕ 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಅಷ್ಟ ಗಾಳಿಗೆ ಇಂಜೆಕ್ಟರ್ (ಇಂಜಿನ್‌ಗೆ ಇಂಧನ ಚಿಮ್ಮಿಸೂ ನಳಿಗಿ) ಹೆಚ್ಚಿಗಿ ಇಂಧನ ಬಿಡಬೇಕು: ಇ10ಕ್ಕ (ಶೇ 10 ಎಥನಾಲ್ ಇರೂ ಪೆಟ್ರೋಲ್‌ಗೆ) ಟ್ಯೂನ್ ಆದ ಗಾಡಿಗೆ ಶೇ 22ರಷ್ಟು. ಇಸಿಯು, ಅಂದ್ರ ಇಂಜಿನ್ ನಡಸೂ ಕಂಪ್ಯೂಟರ್, ತಿದ್ದೂದು ಸಾಮಾನ್ಯವಾಗಿ ಶೇ 25ರ ತನಕ. ಒಂದ್ ಇಂಜೆಕ್ಟರ್ ಚೂರು ಕಟ್ಟಿದ್ರ ಮುಗೀತು, ಪಿ0171 ಕೋಡ್, ಅಂದ್ರ ಗಾಳಿಗೆ ತಕ್ಕಷ್ಟು ಇಂಧನ ಇಲ್ಲ ಅನ್ನೂ ದೋಷದ ಸಂಕೇತ. ತಂಪ ಅನ್ನೂದು ಅರ್ಧ ಖರೆ, ಎಥನಾಲ್ ಆವಿ ಆಗುವಾಗ ಶಾಖ ಎಳಕೋತೈತಿ. ಆದ್ರ ಬೈಪಾಸ್‌ನ್ಯಾಗ ಓವರ್‌ಟೇಕ್‌ಗೆ ಪೂರ್ತಿ ಒತ್ತಿದಾಗ ಇಸಿಯು ಹೊಗಿ ನೋಡಿ ಮಿಶ್ರಣ ಹೇಳೂ ಆಕ್ಸಿಜನ್ ಸೆನ್ಸರ್ ಮಾತ ಕೇಳೂದಿಲ್ಲ. ಮಿಶ್ರಣ ತೆಳ್ಳಗಾಗಿ ಎಕ್ಸಾಸ್ಟ್ ವಾಲ್ವ್ ಕಾಯ್ತಾವ.

ಹಳೇ ಗಾಡಿ, ಗದಗ:
ಸ್ಪಿರಿಟ್ ದೂರದ ಮಾತು, ಬರೇ ಇ20ಕ್ಕ 2011ರ ತಗಡಿನ ಟಾಕಿ ಗಾಡಿ ಬಿಲ್ ನೋಡ್ರಿ. ಪಂಪ್ ಅಸೆಂಬ್ಲಿ 6,850. ನಾಕು ಇಂಜೆಕ್ಟರ್ ಕ್ಲೀನಿಂಗ್ 1,600. ಎಂಟು ಓ-ರಿಂಗ್ 480. ಹೋಸ್ 1,150. ಕೂಲಿ 1,800. ಕೂಡಿ 11,880. ಇಷ್ಟಾಗಿ 1,900 ಕಿಮೀಗೆ ಫಿಲ್ಟರ್ ಮತ್ತ ಕಟ್ಟಿತು! ಟಾಕಿ ಇಳಿಸಿ ತೊಳೀದ ಹೊಸಾ ಫಿಲ್ಟರ್ ಹಾಕಿದ್ರ ಹಿಂಗ. ಎಥನಾಲ್ ಹಳೇ ಜಿಡ್ಡು, ಜಂಗು ಎಲ್ಲಾ ಕಿತ್ತು ತಂದು ಫಿಲ್ಟರ್‌ಗೆ ತುಂಬತೈತಿ. ಗ್ಯಾರೇಜಿನವ್ರು ಇದನ್ನ ಹೇಳೂದಿಲ್ಲ, ಎರಡನೇ ಬಿಲ್ ಬೇಕಲ್ಲ.

ಗೋಕುಲ ರೋಡ್ ಗ್ಯಾರೇಜ್:
ಎಲ್ಲಾರ್ನೂ ಒಂದ ತಕ್ಕಡ್ಯಾಗ ತೂಗಬ್ಯಾಡ್ರಿ. ಆ 1,150ರ ಹೋಸ್ ಯಾವುದು? ಮ್ಯಾಲೆ ಎಸ್‌ಎಇ ಜೆ30 ಆರ್9 ಅಂತ ದರ್ಜಿ ಅಚ್ಚು ಐತೇನು? ಆರ್9ಕ್ಕ ಒಳಪದರು ವೈಟಾನ್ ಅನ್ನೂ ಎಥನಾಲ್ ತಡ್ಯೂ ರಬ್ಬರ್ ಇರತೈತಿ. ಸಾದಾ ನೈಟ್ರೈಲ್ ರಬ್ಬರ್ ಎಥನಾಲ್‌ಗೆ ಉಬ್ಬತೈತಿ, ಒಣಗಿದಾಗ ಸೀಳತೈತಿ. ಬಗ್ಗಿಸಿ ಉಗುರಿಲೆ ಒತ್ರಿ, ಕೂದಲೆಳಿಯಂಥ ಗೆರಿ ಕಂಡ್ರ ಅದು ಹೋಗೈತಿ ಅಂತ.

ಗೋವಿನಜೋಳ, ಹಾವೇರಿ:
ಎಥನಾಲ್ ಅಂದ್ರ ಎಲ್ಲಾರಿಗೂ ಹೊಟ್ಟಿಕಿಚ್ಚು. ಬ್ರೆಜಿಲ್‌ನ್ಯಾಗ ನೀರಿದ್ದ ಎಥನಾಲ್ ಮ್ಯಾಲೇ ಗಾಡಿ ಓಡ್ತಾವ. ಕ್ವಿಂಟಲ್ ಗೋವಿನಜೋಳಕ್ಕ 38 ಲೀಟರ್ ಎಥನಾಲ್ ಬರತೈತಿ, ಲೀಟರ್‌ಗೆ 71.86 ರೂಪಾಯಿ ತೈಲ ಕಂಪನಿಗಳ ಖರೀದಿ ದರ. ನಿಮ್ಮ ರಬ್ಬರ್ ಕೊಳವಿ ಸಂಬಂಧ ರೈತರ ಬಾಯಾಗ ಮಣ್ಣ ಹಾಕ್ತೀರೇನು?

ಸಪ್ತಾಪುರ, ಧಾರವಾಡ:
ಕಾಕಾರ, ಬ್ರೆಜಿಲ್‌ನ್ಯಾಗ 2003ರಿಂದ ಫ್ಲೆಕ್ಸ್ ಗಾಡಿ (ಪೆಟ್ರೋಲ್, ಎಥನಾಲ್ ಹೆಂಗ ಕೂಡಿಸಿದ್ರೂ ಓಡೂವು) ಅದಾವ, ಕೇಳಿದವ್ರದು 2014ರ ಸಾದಾ ಗಾಡಿ. ರೊಕ್ಕ ಉಳಿಯೂದರ ಎಲ್ಲಿ? ಕಬ್ಬಿನ ಹಾಲಿನ ಎಥನಾಲ್ ದರ 65.61, ಶೇ 5 ಜಿಎಸ್‌ಟಿ ಹಿಡಿದು 68.89. ಲೀಟರಿಗೆ ಶಕ್ತಿ ಪೆಟ್ರೋಲ್‌ನ ಮೂರರಾಗ ಎರಡು ಪಾಲು. ಅಂದ್ರ ಒಂದ್ ಲೀಟರ್ ಪೆಟ್ರೋಲ್‌ನಷ್ಟ ದೂರ ಓಡಾಕ 103 ರೂಪಾಯಿ! ಅದೂ ನೀರಿಲ್ಲದ ಎಥನಾಲ್‌ಗೆ. ಪುಢಾರಿ ಹೇಳೂ ರೆಕ್ಟಿಫೈಡ್ ಸ್ಪಿರಿಟ್‌ನ್ಯಾಗ ಶೇ 5ರಷ್ಟು ನೀರು, 20 ಲೀಟರ್ ಹೊಯ್ದ್ರ ಒಂದ್ ಲೀಟರ್ ನೀರು ಟಾಕ್ಯಾಗ. ಪರ್ಮಿಟ್ ಇಲ್ಲದ ಕ್ಯಾನ್ ಮನ್ಯಾಗ ಸಿಕ್ರ 1965ರ ಅಬಕಾರಿ ಕಾಯ್ದೆ ಐತಿ, ಅವಾಗ ಪುಢಾರಿ ಫೋನ್ ಎತ್ತೂದಿಲ್ಲ.

ಬಂಕಿನ ಮ್ಯಾಲೆ ಸಂಶೆ ಇದ್ರ: 100 ಮಿಲಿ ಅಳತಿ ಸಿಲಿಂಡರ್‌ಗೆ 50 ಮಿಲಿ ನೀರು, 50 ಮಿಲಿ ಪೆಟ್ರೋಲ್. ಬಾಯಿ ಮುಚ್ಚಿ ಅಲುಗಾಡಿಸಿ ಹತ್ತು ನಿಮಿಷ ಬಿಡ್ರಿ. ಎಥನಾಲ್ ನೀರಿಗೆ ಇಳೀತೈತಿ. ತಳದ ಪದರು 60ಕ್ಕ ನಿಂತ್ರ ಶೇ 20. ಬೀಡಿ-ಸಿಗರೇಟ್ ದೂರ.

ಗೋವಿನಜೋಳ, ಹಾವೇರಿ:
38 ಲೀಟರಿಗೆ 2,730 ಆತು. ಬೆಂಬಲ ಬೆಲಿ 2025-26ಕ್ಕ 2,400. ಮಾರ್ಕೆಟ್‌ನ್ಯಾಗ ನಮಗ ಎಷ್ಟ ಕೊಡ್ತಾರ ಅದನ್ನೂ ಸಿಲಿಂಡರ್‌ನ್ಯಾಗ ಹಾಕಿ ಅಳೀರಿ!

ಹಳೇ ಗಾಡಿ, ಗದಗ:
ಜೋಳದ ಜಗಳ ಬ್ಯಾರೆ ಕಡೆ ಮಾಡ್ರಿ. ಗ್ಯಾರೇಜಿನವ್ರ, ಹೋಸ್ ಮ್ಯಾಲೆ ಆರ್7 ಅಂತ ಐತಿ.

ಗೋಕುಲ ರೋಡ್ ಗ್ಯಾರೇಜ್:
ಆರ್7 ಕಾರ್ಬುರೇಟರ್ ಗಾಡಿದು, ಇಂಜೆಕ್ಷನ್ ಒತ್ತಡಕ್ಕಲ್ಲ. ಇವತ್ತ ತಗೀರಿ, ಕ್ಲಾಂಪೂ ಬದಲಿಸ್ರಿ.