ಕಂಟ್ರೋಲರನ್ನು ‘ಪ್ರಾರಂಭಿಸಲಾಗಿದೆ’ ಅಂದರೆ ಯಾವಾಗ? ಕರ್ನೆಲ್ ಬೂಟ್‌ನ ಕೆಲವು ಪದಗಳು

ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬೂಟ್ ಆಗುವಾಗ ಡಿಸ್ಕ್, ಯುಎಸ್‌ಬಿ, ಡಿಸ್‌ಪ್ಲೇ ಇವುಗಳ ಕಂಟ್ರೋಲರ್‌ಗಳು (ಆ ಸಾಧನಗಳನ್ನು ನಡೆಸುವ ಚಿಪ್‌ಗಳು) ಯಾವ ಹೊತ್ತಿಗೆ ಕೆಲಸಕ್ಕೆ ಬರುತ್ತವೆ ಅನ್ನುವುದನ್ನು ವಿವರಿಸುವ ಒಂದು ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಅದರಲ್ಲಿ ‘ಇನಿಷಿಯಲೈಸ್’ ಅನ್ನುವುದಕ್ಕೆ ಏನು ಹಾಕಬೇಕು ಅನ್ನುವುದು ನನ್ನ ಮುಖ್ಯ ಪ್ರಶ್ನೆ. ಅದರ ಬೆನ್ನಿಗೇ ಇನ್ನೂ ನಾಲ್ಕೈದು ಪದಗಳಿವೆ.

ಈಗ ಚಾಲ್ತಿಯಲ್ಲಿರುವುದು ಪ್ರಾರಂಭಿಸು, ಆರಂಭೀಕರಣ, ಆರಂಭಿಸಲಾಗಿದೆ ಈ ಥರದವು. ‘ನಿಯಂತ್ರಕವನ್ನು ಪ್ರಾರಂಭಿಸಲಾಗಿದೆ’ ಅಂತ ಬರೆದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಓದಿದವರಿಗೆ ಏನು ಗೊತ್ತಾಗುತ್ತದೆ? ಕರ್ನೆಲ್ ಅದಕ್ಕೆ ಎದ್ದೇಳು ಅಂತ ಹೇಳಿತು ಅಂತಲಾ, ಅದು ಎದ್ದು ಕೆಲಸಕ್ಕೆ ನಿಂತಿತು ಅಂತಲಾ? ಬೂಟ್ ವಿಷಯದಲ್ಲಿ ಈ ಎರಡರ ನಡುವೆ ಹೋಗುವ ಸಮಯವೇ ಮುಖ್ಯ. ಅದು ತಿಳಿಯದಿದ್ದರೆ, ಡಿಸ್ಕ್ ಇದೆ, ಡ್ರೈವರ್ (ಸಾಧನವನ್ನು ನಡೆಸುವ ಕೋಡ್) ಕೂಡ ಕರ್ನೆಲ್ ಒಳಗೇ ಇದೆ, ಆದರೂ ರೂಟ್ ಫೈಲ್‌ಸಿಸ್ಟಮ್ (ಸಿಸ್ಟಮ್‌ನ ಮುಖ್ಯ ಫೈಲ್‌ಗಳಿರುವ ಜಾಗ) ಸಿಗಲಿಲ್ಲ ಅಂತ ಪ್ಯಾನಿಕ್, ಅಂದರೆ ಕರ್ನೆಲ್ ಕೈಚೆಲ್ಲಿ ನಿಲ್ಲುವುದು, ಯಾಕಾಯಿತು ಅನ್ನುವುದು ಒಗಟಾಗಿಯೇ ಉಳಿಯುತ್ತದೆ.

ನಡೆಯುವ ಕ್ರಮ ಹೇಳುತ್ತೇನೆ. ಪದ ಎಲ್ಲಿ ಸಾಲುವುದಿಲ್ಲ ಅನ್ನುವುದು ಆಗ ಕಾಣುತ್ತದೆ.

ಯಾವ ಪ್ರೊಸೆಸರ್ ಆದರೂ ಕರ್ನೆಲ್ ಕೊನೆಗೆ ‘ಸ್ಟಾರ್ಟ್_ಕರ್ನೆಲ್’ ಅನ್ನುವ ಫಂಕ್ಷನ್‌ಗೆ ಬಂದು ಸೇರುತ್ತದೆ. ಆಗ ಇಂಟರಪ್ಟ್‌ಗಳು (ಸಾಧನಗಳು ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತಗಳು) ಬಂದ್ ಆಗಿರುತ್ತವೆ. ಮೆಮೊರಿ ವ್ಯವಸ್ಥೆ, ಶೆಡ್ಯೂಲರ್, ಇಂಟರಪ್ಟ್ ಕಂಟ್ರೋಲರ್, ಟೈಮರ್, ಇವೆಲ್ಲ ಆದಮೇಲೆ ಇಂಟರಪ್ಟ್‌ಗಳಿಗೆ ಬಾಗಿಲು ತೆಗೆಯುತ್ತಾರೆ. ಅದಾದ ಮೇಲೆ ಕನ್ಸೋಲ್. ಕರ್ನೆಲ್ ಲಾಗ್‌ನ ಮೊದಲ ಎಷ್ಟೋ ಸಾಲುಗಳ ಮುಂದೆ 0.000000 ಅಂತಲೇ ಇರುವುದನ್ನು ನೋಡಿರುತ್ತೀರಿ ಅಲ್ವಾ, ಗಡಿಯಾರವೇ ಇನ್ನೂ ಓಡುತ್ತಿಲ್ಲದ ಹೊತ್ತು ಅದು.

ಡಿಸ್ಕ್, ಯುಎಸ್‌ಬಿ ಇವೆಲ್ಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅವುಗಳ ಸರದಿ ಬರುವುದು 1ನೇ ನಂಬರಿನ ಪ್ರೋಸೆಸ್ ಶುರುವಾಗಿ ‘ಇನಿಟ್‌ಕಾಲ್’ಗಳು (ಬೂಟ್ ಹೊತ್ತಿನಲ್ಲಿ ಒಂದರ ಹಿಂದೆ ಒಂದು ಕರೆಯುವ ಫಂಕ್ಷನ್‌ಗಳು) ಓಡುವಾಗ. ಇವಕ್ಕೆ 0ರಿಂದ 7ರವರೆಗೆ ದರ್ಜೆಗಳಿವೆ. ಪ್ಯೂರ್, ಕೋರ್, ಪೋಸ್ಟ್‌ಕೋರ್, ಆರ್ಚ್, ಸಬ್‌ಸಿಸ್, ಎಫ್‌ಎಸ್, ಡಿವೈಸ್, ಲೇಟ್. ಕರ್ನೆಲ್ ಜೊತೆಗೇ ಕಟ್ಟಿದ ಸಾಮಾನ್ಯ ಡ್ರೈವರ್‌ನ ‘ಮಾಡ್ಯೂಲ್_ಇನಿಟ್’ ಹೋಗಿ ಕೂರುವುದು 6ರಲ್ಲಿ, ಅಂದರೆ ಡಿವೈಸ್ ದರ್ಜೆಯಲ್ಲಿ. ಒಂದೇ ದರ್ಜೆಯೊಳಗೆ ಯಾರು ಮೊದಲು ಅನ್ನುವುದು ಲಿಂಕ್ ಆದ ಕ್ರಮದಲ್ಲಿ, ಅಂದರೆ ಮೇಕ್‌ಫೈಲ್‌ನಲ್ಲಿ ಯಾವುದು ಮೇಲಿದೆ ಅನ್ನುವುದರ ಮೇಲೆ ನಿಂತಿದೆ.

ಇಲ್ಲಿಂದ ನನ್ನ ಪ್ರಶ್ನೆ ಶುರು. ಡ್ರೈವರ್‌ನ ಇನಿಟ್ ಫಂಕ್ಷನ್ ಓಡಿತು ಅನ್ನಿ. ಅದು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ‘ನಾನಿದ್ದೇನೆ, ಇಂಥಿಂಥ ಸಾಧನ ಸಿಕ್ಕರೆ ನನ್ನನ್ನು ಕರೆಯಿರಿ’ ಅಂತ ಹೆಸರು ಬರೆಸುವುದು. ಕಂಟ್ರೋಲರ್‌ನ ಮೈ ಮುಟ್ಟಿರುವುದಿಲ್ಲ. ಆಮೇಲೆ ಬಸ್ ವ್ಯವಸ್ಥೆ (ಸಾಧನಗಳು ಕೂತಿರುವ ದಾರಿಯನ್ನು ನೋಡಿಕೊಳ್ಳುವ ಭಾಗ) ಆ ಡ್ರೈವರ್‌ಗೂ ಸಾಧನಕ್ಕೂ ಜೋಡಿ ಕೂಡಿಸಿ ಡ್ರೈವರ್‌ನ ‘ಪ್ರೋಬ್’ ಕರೆಯುತ್ತದೆ. ಪ್ರೋಬ್ ಒಳಗೋ ಅಥವಾ ಅದು ಹಚ್ಚಿಕೊಟ್ಟ ಇನ್ನೊಂದು ಕೆಲಸದ ಒಳಗೋ ಕಂಟ್ರೋಲರ್‌ಗೆ ಎದ್ದೇಳಲು ಆಜ್ಞೆ ಹೋಗುತ್ತದೆ. ಕೊನೆಗೆ, ಸ್ವಲ್ಪ ಹೊತ್ತು ಬಿಟ್ಟು, ಕಂಟ್ರೋಲರ್ ನಿಜವಾಗಿ ಏಳುತ್ತದೆ. ಹೆಸರು ಬರೆಸುವುದು, ಜೋಡಿ ಕೂಡುವುದು, ಎಬ್ಬಿಸುವುದು, ಏಳುವುದು. ಕನ್ನಡದಲ್ಲಿ ಬರೆಯುವವರು ಈ ನಾಲ್ಕಕ್ಕೂ ‘ಪ್ರಾರಂಭ’ವನ್ನೇ ಹಾಕುತ್ತಿದ್ದಾರೆ.

ಎನ್‌ವಿಎಂಇ (ಈಗಿನ ವೇಗದ ಎಸ್‌ಎಸ್‌ಡಿಗಳ ಒಂದು ಬಗೆ) ಡಿಸ್ಕ್‌ನ ಕಂಟ್ರೋಲರನ್ನೇ ಹತ್ತಿರದಿಂದ ನೋಡಿ. ಡ್ರೈವರ್ ಮೊದಲು ಅದನ್ನು ಬಂದ್ ಮಾಡುತ್ತದೆ. ಸಿಸಿ (ಕಂಟ್ರೋಲರ್ ಕಾನ್ಫಿಗರೇಷನ್) ರಿಜಿಸ್ಟರ್‌ನ ‘ಎನೇಬಲ್’ ಬಿಟ್ ಅನ್ನು 0 ಮಾಡಿ, ಸ್ಟೇಟಸ್ ರಿಜಿಸ್ಟರ್‌ನ ‘ರೆಡಿ’ ಬಿಟ್ ಕೂಡ 0 ಆಗುವವರೆಗೆ ಕಾಯುತ್ತದೆ. ಆಡ್ಮಿನ್ ಕ್ಯೂಗಳ (ಆಜ್ಞೆಗಳು, ಉತ್ತರಗಳು ನಿಲ್ಲುವ ಸಾಲುಗಳ) ವಿಳಾಸ ಬರೆಯುತ್ತದೆ. ಎನೇಬಲ್ ಬಿಟ್ ಅನ್ನು 1 ಮಾಡುತ್ತದೆ. ಆಮೇಲೆ ಮತ್ತೆ ಕಾಯುವುದು, ರೆಡಿ ಬಿಟ್ 1 ಆಗುವವರೆಗೆ. ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಕಂಟ್ರೋಲರ್ರೇ ಒಂದು ಕಡೆ ಬರೆದುಕೊಂಡಿರುತ್ತದೆ. ಆ ಜಾಗ 8 ಬಿಟ್, ಅಳತೆ 500 ಮಿಲಿಸೆಕೆಂಡಿನ ಲೆಕ್ಕದಲ್ಲಿ. ಅಂದರೆ ಹೆಚ್ಚೆಂದರೆ 127.5 ಸೆಕೆಂಡ್. ಸಾಮಾನ್ಯ ಡಿಸ್ಕ್ ಅಷ್ಟೆಲ್ಲ ತಗೊಳ್ಳುವುದಿಲ್ಲ, ಆದರೆ ನಿಯಮ ಬರೆದವರು ಅಷ್ಟು ಜಾಗ ಬಿಟ್ಟಿದ್ದಾರೆ ಅನ್ನುವುದನ್ನು ಗಮನಿಸಿ. ರೆಡಿ ಆದಮೇಲೂ ಮುಗಿಯಲಿಲ್ಲ. ನೀನು ಯಾರು, ಏನು ಅಂತ ಕೇಳುವ ‘ಐಡೆಂಟಿಫೈ’ ಆಜ್ಞೆ ಹೋಗಬೇಕು, ಓದು ಬರಹದ ಕ್ಯೂಗಳು ಹುಟ್ಟಬೇಕು, ಆಮೇಲೆ ಪಾರ್ಟಿಷನ್‌ಗಳು ಕಾಣಬೇಕು.

ಮೇಲಿನ ಮಾತಿನಲ್ಲಿ ಎರಡು ಬಿಟ್‌ಗಳಿವೆ. ಒಂದನ್ನು ಕರ್ನೆಲ್ ‘ಮಾಡುತ್ತದೆ’, ಇನ್ನೊಂದು ತಾನಾಗಿ ‘ಆಗುತ್ತದೆ’. ಇದು ಕನ್ನಡಕ್ಕೆ ತೀರಾ ಸಹಜವಾದ ಭೇದ. ಎಬ್ಬಿಸು, ಏಳು. ಕೂರಿಸು, ಕೂರು. ಅಣಿಗೊಳಿಸು, ಅಣಿಯಾಗು. ಅನ್ನಕ್ಕೆ ಇಟ್ಟಿದ್ದೀನಿ ಅಂದರೆ ಅನ್ನ ಆಗಿದೆ ಅಂತ ನಮ್ಮಲ್ಲಿ ಯಾರೂ ತಟ್ಟೆ ಹಾಕಿಕೊಂಡು ಕೂರುವುದಿಲ್ಲ. ಇಷ್ಟು ಚೆನ್ನಾಗಿ ಬೇರೆ ಮಾಡಿ ಹೇಳುವ ದಾರಿ ಭಾಷೆಯಲ್ಲೇ ಇರುವಾಗ ‘ಪ್ರಾರಂಭಿಸಲಾಗಿದೆ’ ಅನ್ನುವ ರೂಪ ಎರಡನ್ನೂ ಕಲಸಿಬಿಡುತ್ತದೆ. ಯಾರು ಮಾಡಿದರು ಅನ್ನುವುದು ಅದರಲ್ಲಿ ಇಲ್ಲ, ಕೆಲಸ ಪೂರ್ತಿ ಆಯಿತಾ ಅನ್ನುವುದೂ ಇಲ್ಲ.

ಹಾಗಾಗಿ ನನ್ನ ಒಲವು ‘ಅಣಿ’ಯ ಕಡೆ. ‘ಡ್ರೈವರ್ ಕಂಟ್ರೋಲರನ್ನು ಅಣಿಗೊಳಿಸಲು ತೊಡಗಿತು’, ‘ಕಂಟ್ರೋಲರ್ ಅಣಿಯಾಯಿತು’. ಎರಡೂ ಚಿಕ್ಕ ಮಾತು, ಎರಡೂ ಎಲ್ಲರಿಗೂ ಗೊತ್ತಿರುವಂಥದ್ದು. ‘ಸಜ್ಜು’ ಕೂಡ ಆಗಬಹುದು, ಪತ್ರಿಕೆಗಳಲ್ಲಿ ಜಾಸ್ತಿ ಬಳಕೆಯಲ್ಲಿದೆ, ಸಜ್ಜುಗೊಳಿಸು, ಸಜ್ಜಾಗು ಅಂತ ಇದೇ ಜೋಡಿ ಅದಕ್ಕೂ ಇದೆ. ‘ಹೂಡು’ ಅನ್ನುವುದನ್ನೂ ಯೋಚಿಸಿದೆ, ನೇಗಿಲು ಹೂಡಿದ ಹಾಗೆ. ಆದರೆ ಅದಕ್ಕೆ ‘ಆಗು’ ರೂಪ ಸಲೀಸಾಗಿ ಬರುವುದಿಲ್ಲ, ಮೇಲಾಗಿ ಬಂಡವಾಳ ಹೂಡುವುದು, ದಾವೆ ಹೂಡುವುದು ಇವೇ ಮೊದಲು ನೆನಪಾಗುತ್ತವೆ. ಇನ್ನು ಹಳೇ ಮೈಸೂರಿನ ಹಳ್ಳಿ ಕಡೆ ‘ಆರಂಬ’ ಅಂದರೆ ಬೇಸಾಯ, ಆರಂಬಗಾರ ಅಂದರೆ ರೈತ. ಹಾಗಾಗಿ ‘ಆರಂಭಿಸು’ ಅಲ್ಲಿನವರ ಕಿವಿಗೆ ಬೇರೆ ಥರವೇ ಕೇಳಬಹುದು. ಇದು ಬರೀ ಪಕ್ಕದ ಮಾತು.

ಅಣಿ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಯುಎಸ್‌ಬಿಯ ಎಕ್ಸ್‌ಎಚ್‌ಸಿಐ ಕಂಟ್ರೋಲರ್‌ನಲ್ಲಿ ‘ಕಂಟ್ರೋಲರ್ ನಾಟ್ ರೆಡಿ’ ಅನ್ನುವ ಹೆಸರಿನದೇ ಒಂದು ಬಿಟ್ ಇದೆ. ಅದು 1 ಇರುವವರೆಗೆ ಸ್ಟೇಟಸ್ ರಿಜಿಸ್ಟರ್ ಒಂದನ್ನು ಬಿಟ್ಟು ಕಂಟ್ರೋಲರ್‌ನ ಆಪರೇಷನಲ್ ರಿಜಿಸ್ಟರ್‌ಗಳಿಗಾಗಲಿ, ಡೋರ್‌ಬೆಲ್‌ಗಳಿಗಾಗಲಿ (ಕೆಲಸ ಬಂತು ಅಂತ ತಿಳಿಸುವ ರಿಜಿಸ್ಟರ್‌ಗಳು) ಏನೂ ಬರೆಯಕೂಡದು ಅಂತ ನಿಯಮ. ಇದನ್ನು ‘ಸಿದ್ಧವಿಲ್ಲ’ ಅಂತ ಬರೆದರೆ ನಮ್ಮವರಿಗೆ ಏನು ಕೇಳುತ್ತದೆ ನೋಡಿ. ‘ರಾಜೀನಾಮೆ ಕೊಡಲು ಸಿದ್ಧರಿಲ್ಲ’, ‘ಅವನು ಬರೋಕೆ ರೆಡಿ ಇಲ್ಲ’. ಎರಡರಲ್ಲೂ ಅರ್ಥ ಮನಸ್ಸಿಲ್ಲ ಅಂತ, ಒಪ್ಪುತ್ತಿಲ್ಲ ಅಂತ. ಕಂಟ್ರೋಲರ್ ಒಪ್ಪುತ್ತಿಲ್ಲ ಅಂತಲ್ಲ, ಇನ್ನೂ ಎದ್ದಿಲ್ಲ ಅಷ್ಟೇ. ‘ಇನ್ನೂ ಅಣಿಯಾಗಿಲ್ಲ’ ಅಂದರೆ ಸಮಯದ ಮಾತು ಅನ್ನುವುದು ತಾನಾಗಿ ಬರುತ್ತದೆ. ಆ ‘ಇನ್ನೂ’ವನ್ನು ನಾವು ಬಿಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಸಮಯದ ಮಾತು ಬಂತಲ್ಲ, ‘ಬೇಗ’ ಮತ್ತು ‘ತಡ’ದ ಬಗ್ಗೆಯೂ ಕೇಳಬೇಕು. ಇವೆರಡೂ ನನಗೆ ಅತಿ ಹೆಚ್ಚು ಕಾಟ ಕೊಟ್ಟಿವೆ. ಕನ್ನಡದಲ್ಲಿ ‘ಬೇಗ’ ಅನ್ನುವುದಕ್ಕೆ ಎರಡು ಅರ್ಥ. ಬೇಗ ಎದ್ದ ಅಂದರೆ ಹೊತ್ತಿಗೆ ಮುಂಚೆ ಎದ್ದ. ಬೇಗ ಬೇಗ ತಿನ್ನು ಅಂದರೆ ಚುರುಕಾಗಿ ತಿನ್ನು. ‘ಈ ಕಂಟ್ರೋಲರ್ ಬೇಗ ಅಣಿಯಾಗುತ್ತದೆ’ ಅಂತ ಬರೆದರೆ ಸರದಿಯಲ್ಲಿ ಮುಂದೆ ನಿಂತಿದೆಯಾ, ಅಥವಾ ಅದರ ಕೆಲಸ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆಯಾ? ಇಂಟರಪ್ಟ್ ಕಂಟ್ರೋಲರ್ ಮೊದಲೇ ಅಣಿಯಾಗಬೇಕು, ಯಾಕೆಂದರೆ ಉಳಿದವರೆಲ್ಲ ಅದನ್ನು ನಂಬಿದ್ದಾರೆ. ಅದು ಚುರುಕಿನ ವಿಷಯ ಅಲ್ಲ. ಇನ್ನೊಂದು ಕಡೆ, ಅಸಿಂಕ್ರೊನಸ್ ಪ್ರೋಬ್ ಮಾಡಿದರೆ ಬೂಟ್‌ಗೆ ಹಿಡಿಯುವ ಹೊತ್ತು ಕಡಿಮೆಯಾಗುತ್ತದೆ, ಆದರೆ ಅದು ಯಾವುದೋ ಕಂಟ್ರೋಲರನ್ನು ಸರದಿಯಲ್ಲಿ ಮುಂದೆ ತಂದದ್ದರಿಂದ ಅಲ್ಲ, ಒಂದು ಕಾಯುತ್ತಿರುವಾಗ ಇನ್ನೊಂದರ ಕೆಲಸ ನಡೆಯುತ್ತಿರುತ್ತದೆ ಅಷ್ಟೇ. ಎನ್‌ವಿಎಂಇ ಡ್ರೈವರ್ ತನಗೆ ಹೀಗೇ ಆಗಲಿ ಅಂತ ಕರ್ನೆಲ್‌ಗೆ ಹೇಳಿಟ್ಟಿರುತ್ತದೆ. ಹಾಗಾಗಿ ನಾನು ಸರದಿಗೆ ‘ಮೊದಲೇ’, ‘ಮುಂಚೆಯೇ’ ಅಂತಲೂ, ವೇಗಕ್ಕೆ ‘ಚುರುಕಾಗಿ’ ಅಂತಲೂ ಬರೆಯುತ್ತಿದ್ದೇನೆ. ‘ಬೇಗ’ವನ್ನು ಪೂರ್ತಿ ಬಿಟ್ಟಿದ್ದೇನೆ. ಇದು ಓದಲು ಸಹಜವಾಗಿದೆಯಾ?

‘ಲೇಟ್’ ದರ್ಜೆಗೂ ಇದೇ ಪಾಡು. ‘ತಡವಾದ ಕರೆ’ ಅಂದರೆ ಏನೋ ತಪ್ಪಾಗಿ ತಡವಾಯಿತು ಅನ್ನಿಸುತ್ತದೆ. ಇಲ್ಲಿ ಯಾರದೂ ತಪ್ಪಿಲ್ಲ, ಬೇಕೆಂದೇ ಕೊನೆಗೆ ಇಟ್ಟಿರುವುದು. ‘ಕೊನೆಯ ದರ್ಜೆ’ ಅಥವಾ ‘ಕಡೇ ಸರದಿ’ ಸಾಕು ಅನ್ನಿಸುತ್ತದೆ. ದರ್ಜೆ, ಹಂತ, ಸರದಿ, ಪಾಳಿ ಇವುಗಳಲ್ಲಿ ಯಾವುದು ಸರಿ ಅಂತಲೂ ಹೇಳಿ. ಹಂತ ಎಲ್ಲರೂ ಬಳಸುವ ಪದ, ಆದರೆ ಒಂದೇ ಹಂತದೊಳಗೂ ಒಂದರ ಹಿಂದೆ ಒಂದು ಓಡುತ್ತವೆ ಅನ್ನುವುದಕ್ಕೆ ಇನ್ನೊಂದು ಪದ ಬೇಕಲ್ಲ. ‘6ನೇ ದರ್ಜೆ, ಅದರೊಳಗೆ ಸರದಿ’ ಅಂತ ಎರಡನ್ನೂ ಇಟ್ಟುಕೊಂಡಿದ್ದೇನೆ.

ಇನ್ನು ಪ್ರೋಬ್. ಪತ್ರಿಕೆಯ ಕನ್ನಡದಲ್ಲಿ ಇದು ‘ತನಿಖೆ’. ಬಾಹ್ಯಾಕಾಶದ ಸುದ್ದಿಯಲ್ಲಿ ಬಂದರೆ ‘ನೌಕೆ’. ಎರಡೂ ಇಲ್ಲಿ ಹೊಂದುವುದಿಲ್ಲ. ‘ಡ್ರೈವರ್ ಸಾಧನವನ್ನು ತನಿಖೆ ಮಾಡಿತು’ ಅಂದರೆ ಸಾಧನ ಏನೋ ಅಪರಾಧ ಮಾಡಿದ ಹಾಗಾಯಿತು. ಹಿಂದೆ ಡ್ರೈವರ್‌ಗಳು ನಿಜವಾಗಿಯೂ ವಿಳಾಸಗಳನ್ನು ತಡಕಿ, ಯಾರಾದರೂ ಇದ್ದೀರಾ ಅಂತ ನೋಡುತ್ತಿದ್ದವು. ಹಳೆಯ ಪಿಸಿಗಳ ಐಎಸ್‌ಎ ಬಸ್‌ನ ಕಾಲದಲ್ಲಿ ಅದೇ ದಾರಿ. ಆಗ ‘ತಡಕು’ ಸರಿಯಾದ ಪದ. ಅದರ ನಂತರ ಬಂದ ಪಿಸಿಐ ಬಸ್‌ನಲ್ಲಿ ಸಾಧನ ಇದೆ ಅನ್ನುವುದು ಮೊದಲೇ ಗೊತ್ತಾಗಿರುತ್ತದೆ, ಬಸ್ ಅದನ್ನು ಎಣಿಸಿ ಇಟ್ಟಿರುತ್ತದೆ. ಡ್ರೈವರ್ ಬಂದು ‘ಸರಿ, ಇದನ್ನು ನಾನು ನೋಡಿಕೊಳ್ಳುತ್ತೇನೆ’ ಅಂತ ವಹಿಸಿಕೊಳ್ಳುವುದಷ್ಟೇ. ಹಾಗಾಗಿ ‘ವಹಿಸಿಕೊಳ್ಳು’ ಅನ್ನಬಹುದಾ? ನನಗೆ ಇದು ಇಷ್ಟ. ಆದರೆ ಪ್ರೋಬ್ ಅನ್ನುವುದು ಕೋಡ್‌ನಲ್ಲಿ ಫಂಕ್ಷನ್‌ನ ಹೆಸರೂ ಹೌದು, ಹಾಗಾಗಿ ಹೆಸರಾಗಿ ಬರುವಾಗ ‘ಪ್ರೋಬ್’ ಅಂತಲೇ ಬಿಟ್ಟು, ಕೆಲಸವನ್ನು ವಿವರಿಸುವಾಗ ಮಾತ್ರ ವಹಿಸಿಕೊಳ್ಳು ಅಂತ ಹಾಕುವುದು ಒಳ್ಳೆಯದೇನೋ.

ವಹಿಸಿಕೊಳ್ಳಲು ಬಂದ ಡ್ರೈವರ್‌ಗೆ ತನಗೆ ಬೇಕಾದದ್ದು ಇನ್ನೂ ಅಣಿಯಾಗಿಲ್ಲ ಅಂತ ಗೊತ್ತಾದರೆ? ಫೋನ್, ರಾಸ್ಪ್‌ಬೆರಿ ಪೈ ಥರದ ಬೋರ್ಡ್‌ಗಳಲ್ಲಿ ಇದು ದಿನನಿತ್ಯದ ಮಾತು. ಎಸ್‌ಡಿ ಕಾರ್ಡ್‌ನ ಕಂಟ್ರೋಲರ್‌ಗೆ ಕರೆಂಟ್ ಕೊಡುವ ರೆಗ್ಯುಲೇಟರ್ ಬೇಕು, ಆ ರೆಗ್ಯುಲೇಟರ್ ಇರುವ ಚಿಪ್ ಐ2ಸಿ ಬಸ್ ಮೇಲೆ ಕೂತಿದೆ, ಆ ಬಸ್‌ನ ಕಂಟ್ರೋಲರ್ರೇ ಇನ್ನೂ ಎದ್ದಿಲ್ಲ. ಆಗ ಪ್ರೋಬ್ 517 ಅನ್ನುವ ನಂಬರಿನ ದೋಷ ಕೊಟ್ಟು ವಾಪಸ್ ಹೋಗುತ್ತದೆ. ಕರ್ನೆಲ್ ಅದನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು, ಬೇರೆ ಯಾವುದಾದರೂ ಡ್ರೈವರ್ ತನ್ನ ಸಾಧನವನ್ನು ಸರಿಯಾಗಿ ವಹಿಸಿಕೊಂಡ ಕೂಡಲೇ ಪಟ್ಟಿಯಲ್ಲಿರುವವರನ್ನು ಮತ್ತೆ ಕರೆಯುತ್ತದೆ. 2012ರಲ್ಲಿ 3.4ನೇ ಆವೃತ್ತಿಯಲ್ಲಿ ಬಂದ ಏರ್ಪಾಡು ಇದು. ಅದಕ್ಕೆ ಮೊದಲು ಇನಿಟ್‌ಕಾಲ್ ದರ್ಜೆಯನ್ನು, ಮೇಕ್‌ಫೈಲ್ ಸಾಲುಗಳನ್ನು ಹಿಂದೆ ಮುಂದೆ ಮಾಡಿ ಸರದಿ ಹೊಂದಿಸುತ್ತಿದ್ದರು.

ಇಂಗ್ಲಿಷ್‌ನಲ್ಲಿ ‘ಡಿಫರ್’ ಅನ್ನುವ ಇದಕ್ಕೆ ‘ಮುಂದೂಡು’ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಪರೀಕ್ಷೆ ಮುಂದೂಡಿದರು ಅಂದರೆ ಮಾಡುವವರು ಮೇಲಿನವರು, ಇನ್ನೊಂದು ದಿನಾಂಕವೂ ಬರುತ್ತದೆ. ಇಲ್ಲಿ ಡ್ರೈವರ್ ತಾನೇ ‘ಈಗ ಆಗಲ್ಲ, ಆಮೇಲೆ ಕರೆಯಿರಿ’ ಅನ್ನುತ್ತದೆ. ದಿನಾಂಕ ಇಲ್ಲ, ಯಾರೋ ಇನ್ನೊಬ್ಬರು ಅಣಿಯಾಗಬೇಕು ಅನ್ನುವ ಷರತ್ತು ಮಾತ್ರ ಇದೆ. ‘ಕಾಯಿಸಿಡು’ ಹತ್ತಿರ ಬರುತ್ತದೆ, ಆದರೆ ಅದರಲ್ಲೂ ಕಾಯಿಸುವವರು ಬೇರೆಯವರು. ‘ಮತ್ತೆ ಬರುವೆ’ ಅನ್ನುವ ಅರ್ಥವನ್ನು ಒಂದೇ ಕ್ರಿಯಾಪದದಲ್ಲಿ ಹಿಡಿಯುವ ಆಡುಮಾತು ನಿಮ್ಮ ಕಡೆ ಏನಾದರೂ ಇದೆಯಾ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಹೇಳಿ.

ಕೊನೆಯದು ‘ರೂಟ್‌ವೇಟ್’, ಬೂಟ್ ಹೊತ್ತಿನಲ್ಲಿ ಕರ್ನೆಲ್‌ಗೆ ಕೊಡುವ ಒಂದು ಸೂಚನೆ. ಕರ್ನೆಲ್ ಇನಿಟ್‌ಕಾಲ್‌ಗಳನ್ನೆಲ್ಲ ಮುಗಿಸಿ ರೂಟ್ ಹುಡುಕಲು ಬಂದಾಗ ಯುಎಸ್‌ಬಿ ಡಿಸ್ಕ್ ಇನ್ನೂ ಕಾಣದೇ ಇರಬಹುದು. ಆಗ ಈ ಸೂಚನೆ ಇದ್ದರೆ ಅದು ಕಾಣುವವರೆಗೂ ಕಾಯುತ್ತದೆ. ಇಲ್ಲದಿದ್ದರೆ ಮೊದಲು ಹೇಳಿದ ಪ್ಯಾನಿಕ್. ‘ರೂಟ್‌ಡಿಲೇ’ ಬೇರೆ, ಅದು ಇಷ್ಟು ಸೆಕೆಂಡ್ ಅಂತ ಲೆಕ್ಕ ಹಾಕಿ ಸುಮ್ನೆ ನಿಲ್ಲುವುದು, ಡಿಸ್ಕ್ ಬಂತಾ ಇಲ್ಲವಾ ಅಂತ ನೋಡುವುದಿಲ್ಲ. ಮೊದಲನೆಯದಕ್ಕೆ ‘ಕಾದಿರು’, ಎರಡನೆಯದಕ್ಕೆ ‘ತಡೆದಿರು’ ಅಂತ ಬರೆದಿದ್ದೇನೆ. ‘ತಡೆ’ ಅಂದರೆ ಅಡ್ಡಿ ಅನ್ನುವ ಅರ್ಥವೇ ಮುಂದೆ ಬರುತ್ತದೆ ಅನ್ನುವವರು ಬೇರೆ ಪದ ಸೂಚಿಸಿ. ವಾಕ್ಯದಲ್ಲಿ ಇಟ್ಟು ತೋರಿಸಿದರೆ ಇನ್ನೂ ಉಪಕಾರ, ಬರೀ ಪದದ ಪಟ್ಟಿಯಿಂದ ಅದು ಓದಿಗೆ ಹೊಂದುತ್ತದಾ ಅಂತ ತಿಳಿಯುವುದಿಲ್ಲ.