ಒಬ್ಬನೇ ನಟ, ಇಬ್ಬರು ಅವನೇ: ಕಾಲಯಾನದ ಆಡಿಯೋ ನಾಟಕಕ್ಕೆ ಸಲಹೆ ಬೇಕು

ಪ್ರಶ್ನೆ:
ನಾವು ಕೆಲವು ಗೆಳೆಯರು ಸೇರಿ ಅರ್ಧ ಗಂಟೆಯ ಆಡಿಯೋ ನಾಟಕ ಮಾಡುತ್ತಿದ್ದೇವೆ. ಮೂವತ್ತರ ಆಸುಪಾಸಿನ ಒಬ್ಬ ಎಂಜಿನಿಯರ್. ಒಂದು ರಾತ್ರಿ ಎಪ್ಪತ್ತು ವರ್ಷದ ಅವನೇ ಕಾಲಯಂತ್ರದಲ್ಲಿ ಬಂದು ಅವನ ಮನೆ ಬಾಗಿಲು ತಟ್ಟುತ್ತಾನೆ. ಮುಕ್ಕಾಲು ನಾಟಕ ಇವರಿಬ್ಬರದೇ ಮಾತು. ಎರಡೂ ಪಾತ್ರವನ್ನು ಒಬ್ಬನೇ ನಟ ಮಾಡಲಿ ಅಂತ ನಮ್ಮ ಆಸೆ. ಒಂದು ದೃಶ್ಯ ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳಿಸಿದರೆ, "ಯಾವ ಮಾತು ಯಾರದು ಅಂತಾನೇ ತಿಳೀತಿಲ್ಲ" ಅಂದರು. ಸಾಫ್ಟ್‌ವೇರ್‌ನಲ್ಲಿ ಧ್ವನಿ ದಪ್ಪ ಮಾಡಿದರೆ ಕಾರ್ಟೂನ್ ಥರ ಕೇಳುತ್ತದೆ. ಬರೀ ಕಿವಿಗೆ ಇರುವ ನಾಟಕದಲ್ಲಿ ಒಬ್ಬನನ್ನೇ ಇಬ್ಬರು ಮಾಡುವುದು ಹೇಗೆ? ಮಾಡಿದವರು, ಕೇಳಿದವರು ದಯವಿಟ್ಟು ಹೇಳಿ.

ಹವ್ಯಾಸಿ ನಟ:
ಮೊದಲು ಆ ಸಾಫ್ಟ್‌ವೇರ್ ಪಕ್ಕಕ್ಕಿಡಿ. ಮುದುಕ ಅಂದ ತಕ್ಷಣ ಎಲ್ಲರೂ ಧ್ವನಿ ದಪ್ಪ ಮಾಡುತ್ತಾರೆ. ನಿಜದಲ್ಲಿ ಆಗುವುದೇ ಬೇರೆ. ಗಂಡಸರ ಧ್ವನಿ ನಡುವಯಸ್ಸಿನ ತನಕ ಸ್ವಲ್ಪ ಇಳಿಯುತ್ತದೆ, ಇಳಿವಯಸ್ಸಿನಲ್ಲಿ ಮತ್ತೆ ಏರುತ್ತದೆ. ಧ್ವನಿತಂತುಗಳು ಸೊರಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ನಡುವೆ ಗಾಳಿ ಸೋರುತ್ತದೆ. ಧ್ವನಿ ತೆಳುವಾಗುತ್ತದೆ, ಉಸಿರು ಬೇಗ ಮುಗಿಯುತ್ತದೆ. ಮನೆಯ ಹಿರಿಯರ ಮಾತನ್ನು ಫೋನಿನಲ್ಲಿ ಗಮನವಿಟ್ಟು ಕೇಳಿ, ಗೊತ್ತಾಗುತ್ತದೆ.

ಹಾಗಾಗಿ ನಟನಿಗೆ ಧ್ವನಿ ಬದಲಿಸು ಅನ್ನಬೇಡಿ, ಉಸಿರು ಬದಲಿಸು ಅನ್ನಿ. ನಾವು ತಾಲೀಮಿನಲ್ಲಿ ಒಂದೇ ವಾಕ್ಯವನ್ನು ಎರಡು ಥರ ಹೇಳಿಸುತ್ತೇವೆ. "ಬಾಗಿಲು ಹಾಕು, ಸೊಳ್ಳೆ ಬರುತ್ತೆ." ಮೂವತ್ತರವನು ಇದನ್ನು ಇನ್ನೇನೋ ಕೆಲಸ ಮಾಡುತ್ತಾ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಎಪ್ಪತ್ತರವನು "ಬಾಗಿಲು" ಅಂದು ನಿಲ್ಲುತ್ತಾನೆ. ಸಣ್ಣ ಉಸಿರು. "ಹಾಕು." ಸೊಳ್ಳೆ ವಿಷಯ ಹೇಳಬೇಕಾ ಬೇಡವಾ ಅಂತ ಒಂದು ಗಳಿಗೆ ಯೋಚಿಸಿ, ಆಮೇಲೆ ಹೇಳುತ್ತಾನೆ. ಗಂಟಲು ಅದೇ, ಮಾತು ಅದೇ, ಆಳು ಬೇರೆ. ಕುರ್ಚಿಯಿಂದ ಏಳುವಾಗ ಒಂದು ಸಣ್ಣ "ಹ್ಮ್" ಬಂದರೆ ಸಾಕು. ನಡುಗುವ ಧ್ವನಿ, ಮಾತಿಗೊಂದು ಕೆಮ್ಮು ಮಾತ್ರ ಬೇಡವೇ ಬೇಡ. ಸ್ಕೂಲ್ ಡೇ ನಾಟಕದ ಮುದುಕನ ಥರ ಆಗಿಬಿಡುತ್ತದೆ.

ಬರೆಯೋದು ನನ್ನ ಪಾಲು:
ಎಲ್ಲವನ್ನೂ ನಟನ ತಲೆಗೆ ಕಟ್ಟಬೇಡಿ. ಬರೆಯುವವರು ಸ್ಕ್ರಿಪ್ಟಿನಲ್ಲೇ ಅರ್ಧ ಕೆಲಸ ಮುಗಿಸಬಹುದು. ಬಾಗಿಲಲ್ಲಿ ನಿಂತ ಹಿರಿಯನಿಗೆ ಚಿಕ್ಕವನು "ನೀವು" ಅನ್ನುತ್ತಾನೆ. ದೊಡ್ಡವನು ಮೊದಲ ಮಾತಿನಿಂದಲೇ "ನೀನು" ಅನ್ನಲಿ. ಇದು ಕ್ರಿಯಾಪದದ ಕೊನೆಯಲ್ಲೂ ಕೇಳಿಸುವುದರಿಂದ ಮಾತುಮಾತಿಗೂ ಗುರುತು ಸಿಗುತ್ತದೆ.

"ಯಾರು ಬೇಕಾಗಿತ್ತು?"
"ನೀನೇ."
"ಕ್ಷಮಿಸಿ, ನಿಮ್ಮನ್ನ ಎಲ್ಲಿ ನೋಡಿದ್ದೀನಿ ಅಂತ ನೆನಪಾಗ್ತಿಲ್ಲ."
"ಎಡಗಡೆ ದವಡೆ ಹಲ್ಲು ಇನ್ನೂ ನೋಯ್ತಾ ಇದೆಯಾ? ಸುಮ್ನೆ ತಡ ಮಾಡ್ತಿದ್ದೀಯ. ಕೀಳಿಸ್ಕೊಂಡ್ಬಿಡು."

ಈ ನಾಲ್ಕು ಸಾಲನ್ನು ಯಾವ ಧ್ವನಿಯಲ್ಲಿ ಓದಿದರೂ ಯಾರ ಮಾತು ಯಾವುದು ಅಂತ ಗೊಂದಲ ಆಗಲ್ಲ, ಅಲ್ವಾ? ಮುಂದೆ ಜಗಳ ಏರಿದಾಗ ಚಿಕ್ಕವನು "ನೀವು" ಬಿಟ್ಟು "ನೀನು"ಗೆ ಇಳಿಯಬೇಕು. ಒಂದೇ ಸಲ, ನೋಡಿ ಆರಿಸಿದ ಜಾಗದಲ್ಲಿ. ಅಷ್ಟು ಹೊತ್ತಿಗೆ ಕೇಳುಗರ ಕಿವಿ ಪಳಗಿರುತ್ತದೆ.

ಇನ್ನೊಂದು ಮಾತು. ರೇಡಿಯೊ ನಾಟಕದಲ್ಲಿ ಹೆಸರು ಹಿಡಿದು ಕರೆದು ಗುರುತು ಕೊಡುವುದು ಹಳೆಯ ರೂಢಿ. ನಿಮಗೆ ಅದು ಕೆಲಸಕ್ಕೆ ಬರಲ್ಲ, ಇಬ್ಬರ ಹೆಸರೂ ಒಂದೇ. ಮೂರನೆಯವರನ್ನು ತನ್ನಿ. ಮೇಜಿನ ಮೇಲೆ ಮೊಬೈಲ್ ರಿಂಗ್ ಆಗುತ್ತದೆ. ಹಳೆಯ ಅಭ್ಯಾಸ, ದೊಡ್ಡವನೇ ಎತ್ತಿಬಿಡುತ್ತಾನೆ. ಆ ಕಡೆ ಅಮ್ಮ. "ಯಾಕೋ ಗಂಟಲು ಹೀಗಿದೆ? ಶೀತನಾ?" ಅವನ ಕಾಲದಲ್ಲಿ ಅಮ್ಮ ಇಲ್ಲ. ಈಗ ಅವನು ಏನನ್ನಬೇಕು? ಸಿನಿಮಾದಲ್ಲಿ ಮುದುಕನ ಮುಖ ನಮ್ಮ ಕಣ್ಣ ಮುಂದೆಯೇ ಇರುತ್ತದೆ. ಇಲ್ಲಿ ನಾವೂ ಅಮ್ಮನ ಹಾಗೆ ಬರೀ ಧ್ವನಿ ಕೇಳುತ್ತಿರುತ್ತೇವೆ. ನಾನಾಗಿದ್ದರೆ ಇಡೀ ನಾಟಕವನ್ನು ಈ ಫೋನ್ ಕರೆಯ ಸುತ್ತ ಕಟ್ಟುತ್ತಿದ್ದೆ.

ಹೆಡ್‌ಫೋನ್ ಗಿರಾಕಿ:
ಒಬ್ಬನೇ ನಟ ಬೇಕು ಅಂತ ಹಟ ಯಾಕೆ? ನನ್ನ ಓಟು ಇಬ್ಬರಿಗೆ. ಬ್ರಿಟನ್ನಿನ ಬಿಗ್ ಫಿನಿಶ್ ಕಂಪನಿ 1999ರಲ್ಲಿ 'ಡಾಕ್ಟರ್ ಹೂ' ಅನ್ನುವ ಟಿವಿ ಸರಣಿಯ ಆಡಿಯೋ ನಾಟಕಗಳನ್ನು ಶುರು ಮಾಡಿದ್ದೇ ಇಂಥ ಕಥೆಯಿಂದ. ಹೆಸರು 'ದಿ ಸೈರನ್ಸ್ ಆಫ್ ಟೈಮ್', ಬರೆದು ನಿರ್ದೇಶಿಸಿದ್ದು ನಿಕೋಲಸ್ ಬ್ರಿಗ್ಸ್. ಡಾಕ್ಟರ್ ಅನ್ನುವ ಕಾಲಯಾನಿ ಸಾಯುವ ಹೊತ್ತಿಗೆ ಹೊಸ ಮೈ, ಹೊಸ ಮುಖ ಪಡೆಯುತ್ತಾನೆ. ಹಾಗಾಗಿ ಪೀಟರ್ ಡೇವಿಸನ್, ಕಾಲಿನ್ ಬೇಕರ್, ಸಿಲ್ವೆಸ್ಟರ್ ಮೆಕಾಯ್ ಮೂವರೂ ಒಬ್ಬನೇ ಡಾಕ್ಟರ್. ಮೂವರೂ ಟಿವಿಯಲ್ಲಿ ಆ ಪಾತ್ರ ಮಾಡಿದವರು. ಧ್ವನಿಗಳು ಬೇರೆ ಬೇರೆ ಆದ್ದರಿಂದ ನಿಮ್ಮ ತಲೆನೋವು ಅವರಿಗಿರಲಿಲ್ಲ.

ಆದರೆ ಅದರ ಕಟ್ಟಡ ನೋಡಿ. ನಾಲ್ಕು ಭಾಗ. ಮೊದಲ ಮೂರರಲ್ಲಿ ಒಬ್ಬೊಬ್ಬ ಡಾಕ್ಟರ್ ಒಂಟಿಯಾಗಿ ಬರುತ್ತಾನೆ. ನಾಲ್ಕನೆಯದರಲ್ಲಿ ಮೂವರೂ ಎದುರಾಗುತ್ತಾರೆ. ಅಂದರೆ ಕಿವಿಗೆ ಒಂದೊಂದೇ ಧ್ವನಿ ಅಭ್ಯಾಸ ಮಾಡಿಸಿ ಆಮೇಲೆ ಬೆರೆಸಿದ್ದಾರೆ. ನೀವು ಒಬ್ಬನೇ ನಟನನ್ನು ಇಟ್ಟುಕೊಂಡರೂ ಇದನ್ನು ಮಾಡಬಹುದು. ಚಿಕ್ಕವನನ್ನು ಮೊದಲು ಒಂಟಿಯಾಗಿ ಬಿಡಿ. ಆಮೇಲೆ ದೊಡ್ಡವನು ಆಟೋದವನ ಹತ್ತಿರ ಚೌಕಾಸಿ ಮಾಡುತ್ತಾ ಬರಲಿ. ಬಾಗಿಲು ತಟ್ಟುವುದು ಅದಾದ ಮೇಲೆ.

ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ. 1977ರ 'ಬಬ್ರುವಾಹನ'ದಲ್ಲಿ ಅರ್ಜುನ, ಬಬ್ರುವಾಹನ ಇಬ್ಬರೂ ರಾಜ್‌ಕುಮಾರ್ ಅವರೇ. ಅಪ್ಪ ಮಗ ಎದುರುಬದುರು ನಿಂತು ಹಾಡುವ ಹಾಡಿನಲ್ಲಿ ಒಂದು ಪಾತ್ರಕ್ಕೆ ಪಿ. ಬಿ. ಶ್ರೀನಿವಾಸ್ ಧ್ವನಿ, ಇನ್ನೊಂದಕ್ಕೆ ಸ್ವತಃ ರಾಜ್‌ಕುಮಾರ್ ಅವರದು. ಪರದೆ ಮೇಲೆ ಮುಖ ಒಂದೇ, ಆದರೆ ರೇಡಿಯೊದಲ್ಲಿ ಕೇಳಿದವರಿಗೂ ಇಬ್ಬರು ಅಂತ ಗೊತ್ತಾಗುತ್ತಿತ್ತು.

ಬರೆಯೋದು ನನ್ನ ಪಾಲು:
ಅವರಿಬ್ಬರು ಅಪ್ಪ ಮಗ ಸ್ವಾಮಿ! ಇಲ್ಲಿ ಇಬ್ಬರೂ ಒಬ್ಬನೇ ಅನ್ನುವುದೇ ಕಥೆ. ಇಬ್ಬರು ನಟರನ್ನು ಹಾಕಿದರೆ ಮೇಲೆ ಹೇಳಿದ ಅಮ್ಮನ ಫೋನ್ ನಡೆಯಲ್ಲ.

ಸೌಂಡ್ ಕೆಲಸದವ:
ರೆಕಾರ್ಡಿಂಗ್ ವಿಷಯಕ್ಕೆ ಬರುತ್ತೇನೆ. ಒಬ್ಬನನ್ನು ಎಡ ಕಿವಿಗೆ, ಇನ್ನೊಬ್ಬನನ್ನು ಬಲ ಕಿವಿಗೆ ಹಾಕೋಣ ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದನ್ನೇ ನಂಬಿ ಕೂರಬೇಡಿ. ಜಾಸ್ತಿ ಜನ ಕೇಳುವುದು ಅಡುಗೆಮನೆಯಲ್ಲಿ ಫೋನ್ ಸ್ಪೀಕರ್‌ನಿಂದ, ಇಲ್ಲಾಂದರೆ ಬಸ್ಸಿನಲ್ಲಿ ಒಂದೇ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು. ಅಲ್ಲಿ ನಿಮ್ಮ ಎಡಬಲ ಎಲ್ಲ ಒಂದಾಗಿಬಿಡುತ್ತದೆ. ಮಿಕ್ಸ್ ಮುಗಿದ ಮೇಲೆ ಒಮ್ಮೆ ಮೊನೊ ಮಾಡಿ, ಅಂದರೆ ಎಡಬಲ ಎರಡನ್ನೂ ಒಂದಾಗಿ ಸೇರಿಸಿ ಕೇಳಿ. ಆಗಲೂ ಅರ್ಥವಾದರೆ ಪಾಸು. ಸ್ಟೀರಿಯೊದಲ್ಲಿ ಸ್ವಲ್ಪ ಆಚೀಚೆ ಕೂರಿಸಿ, ತಪ್ಪಿಲ್ಲ. ಪೂರ್ತಿ ಅಂಚಿಗೆ ತಳ್ಳಬೇಡಿ.

ಎಡಬಲಕ್ಕಿಂತ ದೂರ ಹತ್ತಿರ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡವನು ಕೂತಿದ್ದಾನೆ, ಮೈಕ್‌ನಿಂದ ಒಂದು ಗೇಣು ದೂರ, ಮೆಲ್ಲಗೆ ಮಾತು. ಚಿಕ್ಕವನು ಗಾಬರಿಯಲ್ಲಿ ರೂಮಿನಲ್ಲಿ ಓಡಾಡುತ್ತಿದ್ದಾನೆ, ಎರಡು ಹೆಜ್ಜೆ ಹಿಂದೆ, ಒಮ್ಮೊಮ್ಮೆ ಮುಖ ಆ ಕಡೆ. ಇದು ಮೊನೊದಲ್ಲೂ ಕೇಳಿಸುತ್ತದೆ. ಪ್ಲಗಿನ್ ಬೇಡ, ಖರ್ಚಿಲ್ಲ.

ಕ್ರಮ ಹೀಗಿರಲಿ. ಚಿಕ್ಕವನ ಮಾತನ್ನು ಮೊದಲು ರೆಕಾರ್ಡ್ ಮಾಡಿ. ಎದುರಿಗೆ ಬೇರೆ ಯಾರಾದರೂ ಕೂತು ದೊಡ್ಡವನ ಸಾಲುಗಳನ್ನು ಓದಬೇಕು, ಇಲ್ಲದಿದ್ದರೆ ನಟ ಗೋಡೆಗೆ ಭಾಷಣ ಮಾಡಿದ ಹಾಗೆ ಕೇಳುತ್ತದೆ. ಆಮೇಲೆ ಅದೇ ನಟನಿಗೆ ಹೆಡ್‌ಫೋನ್ ಹಾಕಿಸಿ, ಅವನ ಮಾತನ್ನೇ ಕೇಳಿಸುತ್ತಾ ದೊಡ್ಡವನ ಮಾತು ತೆಗೆಯಿರಿ. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದು ಬೇಕು, ಇಲ್ಲದಿದ್ದರೆ ಅದರ ಸದ್ದು ಮೈಕ್‌ಗೆ ಸೋರುತ್ತದೆ. ಇಬ್ಬರಿಗೂ ಬೇರೆ ಬೇರೆ ಟ್ರ್ಯಾಕ್. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವ ಜಾಗ ಇದ್ದರೆ ಇದಿಲ್ಲದೆ ಆಗಲ್ಲ. ಎರಡನ್ನೂ ಅದೇ ರೂಮಿನಲ್ಲಿ, ಅದೇ ಮೈಕ್‌ನಲ್ಲಿ ಮಾಡಿ. ಒಬ್ಬನದು ಪರದೆ ಇರುವ ಬೆಡ್‌ರೂಮು, ಇನ್ನೊಬ್ಬನದು ಖಾಲಿ ಹಾಲ್ ಆದರೆ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ ಅಂತ ಯಾರೂ ನಂಬಲ್ಲ. ಯಾರೂ ಮಾತಾಡದೆ ರೂಮಿನ ಸದ್ದನ್ನೂ ಒಂದು ನಿಮಿಷ ಹಿಡಿದಿಡಿ, ಎಡಿಟ್ ಮಾಡುವಾಗ ಮಾತುಗಳ ನಡುವೆ ತುಂಬಲು ಬೇಕು. ಫ್ಯಾನ್ ಆಫ್, ಫ್ರಿಜ್ ಆಫ್. ಉಚಿತವಾಗಿ ಸಿಗುವ ಅಡಾಸಿಟಿ ಅನ್ನುವ ಸಾಫ್ಟ್‌ವೇರ್ ಇಷ್ಟಕ್ಕೆಲ್ಲ ಧಾರಾಳ ಸಾಕು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಎರಡು ಅನುಮಾನ. ಬಾಗಿಲು ತೆರೆದ ಕೂಡಲೇ ಚಿಕ್ಕವನು "ಇದು ನನ್ನದೇ ಧ್ವನಿ!" ಅಂತ ಬೆಚ್ಚಿಬೀಳುವ ಹಾಗೆ ಬರೆದಿದ್ದೇವೆ. ಸರಿ ಇದೆಯಾ? ಮತ್ತೆ ಕಾಲಯಂತ್ರಕ್ಕೆ ಸದ್ದು ಎಲ್ಲಿಂದ ತರುವುದು? ನೆಟ್‌ನಲ್ಲಿ ಸಿಗುವುದೆಲ್ಲ ವಿಡಿಯೋ ಗೇಮ್ ಥರ ಇದೆ.

ಫಿಸಿಕ್ಸ್ ಮೇಷ್ಟ್ರು:
ಆ ಸಾಲು ತೆಗೆದುಬಿಡಿ. ನಮ್ಮ ಧ್ವನಿ ನಮಗೆ ಗಾಳಿಯಿಂದ ಮಾತ್ರ ಬರುವುದಿಲ್ಲ, ತಲೆಬುರುಡೆಯ ಮೂಳೆಯ ಮೂಲಕವೂ ಒಳಕಿವಿಗೆ ಹೋಗುತ್ತದೆ. ಆ ದಾರಿಯಲ್ಲಿ ತಗ್ಗಿನ ಸ್ವರಗಳು ಜಾಸ್ತಿ. ಅದಕ್ಕೇ ರೆಕಾರ್ಡ್ ಆದ ನಮ್ಮ ಧ್ವನಿ ನಮಗೆ ತೆಳ್ಳಗೆ, ಯಾರದೋ ಥರ ಕೇಳುತ್ತದೆ. ಎದುರಿಗೆ ನಿಂತ ತನ್ನನ್ನು ಕೇಳಿದಾಗಲೂ ಅಷ್ಟೇ. ಅವನಿಗೆ ಧ್ವನಿಯಿಂದ ಗುರುತು ಸಿಗಲ್ಲ. ಅಮ್ಮನಿಗೆ ಸಿಗುತ್ತದೆ, ಪಕ್ಕದ ಮನೆಯವರಿಗೂ ಸಿಗುತ್ತದೆ. ಇದನ್ನು ನಾಟಕಕ್ಕೆ ಬಳಸಿಕೊಳ್ಳಿ.

ಇನ್ನೊಂದು ವಿಷಯವನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ದೊಡ್ಡವನಿಗೆ ಈ ಭೇಟಿ ನೆನಪಿದೆಯಾ? ಜೋಸೆಫ್ ಪೊಲ್ಚಿನ್‌ಸ್ಕಿ ಅನ್ನುವ ಭೌತವಿಜ್ಞಾನಿ ಒಂದು ಒಗಟು ಹಾಕಿದ್ದರು. ಒಂದು ಬಿಲಿಯರ್ಡ್ ಚೆಂಡು ವರ್ಮ್‌ಹೋಲ್, ಅಂದರೆ ದೇಶಕಾಲದ ಎರಡು ಜಾಗಗಳನ್ನು ಜೋಡಿಸುವ ಸುರಂಗದಂಥ ದಾರಿಯ ಒಳಗೆ ಹೋಗಿ, ಸ್ವಲ್ಪ ಹಿಂದಿನ ಕಾಲದಲ್ಲಿ ಹೊರಬಂದು, ಒಳಗೆ ಹೋಗಲು ಬರುತ್ತಿರುವ ತನಗೇ ಡಿಕ್ಕಿ ಹೊಡೆದು ದಾರಿ ತಪ್ಪಿಸಿದರೆ? ಆಗ ಅದು ಒಳಗೆ ಹೋಗಿದ್ದಾದರೂ ಹೇಗೆ? 1991ರಲ್ಲಿ ಎಚೆವೆರಿಯಾ, ಕ್ಲಿಂಕ್‌ಹ್ಯಾಮರ್, ಕಿಪ್ ಥಾರ್ನ್ ಲೆಕ್ಕ ಹಾಕಿ ವಿರೋಧವಿಲ್ಲದ ಉತ್ತರಗಳು ಇವೆ ಅಂತ ತೋರಿಸಿದರು. ಡಿಕ್ಕಿ ಆಗುತ್ತದೆ, ಆದರೆ ಸವರಿದಂತೆ. ಚೆಂಡು ಸ್ವಲ್ಪ ವಾಲುತ್ತದೆ, ವಾಲಿಕೊಂಡೇ ಒಳಗೆ ಹೋಗುತ್ತದೆ. ವಾಲಿದ್ದರಿಂದಲೇ ಹೊರಬಂದಾಗ ಬರೀ ಸವರುತ್ತದೆ. ತಡೆಯಲು ಬಂದದ್ದೇ ಕಾರಣವಾಗಿಬಿಡುತ್ತದೆ.

ನಿಮ್ಮ ಮುದುಕ ಏನನ್ನೋ ತಪ್ಪಿಸಲು ಬಂದಿದ್ದಾನೆ ಅಂದುಕೊಂಡಿದ್ದೇನೆ. ಈ ನಿಯಮ ಹಿಡಿದರೆ ಅವನು ಈ ಮಾತುಕತೆಯನ್ನು ನಲವತ್ತು ವರ್ಷದ ಹಿಂದೆ ಒಮ್ಮೆ ಕೇಳಿದವನು. ಚಿಕ್ಕವನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುತ್ತಾನೆ. ಯಾರು ಯಾರು ಅನ್ನುವ ಗೊಂದಲಕ್ಕೂ ಇದೇ ಮದ್ದು: ಅವಸರದಲ್ಲಿ ಕೇಳುವವನು ಚಿಕ್ಕವನು, ಕೇಳುವ ಮೊದಲೇ ಹೇಳುವವನು ದೊಡ್ಡವನು.

ಹವ್ಯಾಸಿ ನಟ:
ಮೇಷ್ಟ್ರೇ, ಒಂದು ತಿದ್ದುಪಡಿ. ನಲವತ್ತು ವರ್ಷದ ಹಿಂದಿನ ಮಾತು ಯಾರಿಗೆ ಸರಿಯಾಗಿ ನೆನಪಿರುತ್ತದೆ? ಅವನು ಕಾಯುತ್ತಾ ಕೂರುತ್ತಾನೆ, "ಈಗ ನೀನು ಅಳಬೇಕು." ಚಿಕ್ಕವನು, "ನಾನ್ಯಾಕ್ರೀ ಅಳಲಿ?" ನಟನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲ್ಲ. ನಗುವೂ ಬರುತ್ತದೆ. ಕೊನೆಗೆ ಅಳುವವನು ದೊಡ್ಡವನೇ ಆಗಬಹುದು.

ಹೆಡ್‌ಫೋನ್ ಗಿರಾಕಿ:
ಸರಿ, ಈ ಮಾತಿಗೆ ನನ್ನ ಓಟು ವಾಪಸ್. ಒಬ್ಬನೇ ನಟ ಇರಲಿ.

ಯಂತ್ರದ ಸದ್ದಿಗೆ 'ಡಾಕ್ಟರ್ ಹೂ'ದವರ ದಾರಿಯನ್ನೇ ಹಿಡಿಯಿರಿ. 1963ರಲ್ಲಿ ಬಿಬಿಸಿಯಲ್ಲಿ ವಿಶೇಷ ಸದ್ದುಗಳನ್ನು ತಯಾರಿಸುತ್ತಿದ್ದ ರೇಡಿಯೊಫೋನಿಕ್ ವರ್ಕ್‌ಶಾಪ್‌ ವಿಭಾಗದ ಬ್ರಯನ್ ಹಾಡ್ಜ್‌ಸನ್ ಮನೆ ಬಾಗಿಲ ಕೀಲಿಯನ್ನು ಹಳೆ ಪಿಯಾನೋದ ದಪ್ಪ ತಂತಿಗಳ ಮೇಲೆ ಎಳೆದು, ಆ ಟೇಪಿನ ಮೇಲೆ ಕೈಚಳಕ ಮಾಡಿ ಆ ಸದ್ದು ಹುಟ್ಟಿಸಿದರು. ಇವತ್ತಿಗೂ ಅದು ಬಂದ ಕೂಡಲೇ ಯಂತ್ರ ಬಂತು ಅಂತ ಮಕ್ಕಳಿಗೂ ಗೊತ್ತು. ನೀವು ಹಳೆಯ ಗಿಟಾರ್‌ನ ದಪ್ಪ ತಂತಿ ಮೇಲೆ ಎಳೆಯಿರಿ, ವೇಗ ಅರ್ಧ ಮಾಡಿ, ಉಲ್ಟಾ ತಿರುಗಿಸಿ ಕೇಳಿ.

ಸೌಂಡ್ ಕೆಲಸದವ:
ಮೈಕ್ ತಂತಿಗೆ ಹತ್ತಿರ ಇರಲಿ. ಅದರ ಕೆಳಗೆ ಸಣ್ಣಗೆ ಯಾವುದಾದರೂ ಮನೆಯ ಸದ್ದು ಸೇರಿಸಿ, ಮಿಕ್ಸಿಯನ್ನು ನಿಧಾನ ಮಾಡಿದರೂ ನಡೆಯುತ್ತದೆ. ಅದು ಎಂಜಿನಿಯರ್ ಮನೆಯಲ್ಲೇ ಕಟ್ಟಿದ ಯಂತ್ರ ತಾನೆ?

ಪ್ರಶ್ನೆ ಕೇಳಿದವರು:
ಹೌದು, ಮನೆಯಲ್ಲೇ ಕಟ್ಟಿದ್ದು. ಆ "ನನ್ನದೇ ಧ್ವನಿ" ಸಾಲು ಹೋಯಿತು, ಅಮ್ಮನ ಫೋನ್ ಬಂತು. ಮುದುಕನ ನೆನಪು ಅರ್ಧ ಸರಿ, ಅರ್ಧ ತಪ್ಪು ಅಂತ ಇಡುತ್ತಿದ್ದೇವೆ. ಈಗ ಅಮ್ಮನ ಪಾತ್ರಕ್ಕೆ ಒಬ್ಬರು ಬೇಕು. ಅರವತ್ತು ದಾಟಿದವರು, ಮೈಕ್‌ಗೆ ಹೆದರದವರು ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ತಿಳಿಸಿ. ಒಂದೇ ಪುಟದ ಮಾತು. ಸಂಭಾವನೆ ಕೊಡಲು ಆಗಲ್ಲ, ಊಟ ನಮ್ಮದು.