ಗಡಸು ನೀರು, ಸವಳು ನೀರು: ಮೀನಿನ ರೋಗಾಣು ಬಗ್ಗೆ ಬರೆಯುವಾಗ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ಗದಗ, ಹಾವೇರಿ ಕಡೆ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಸಾಕುವ ರೈತರಿಗಾಗಿ ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ಭಾಷೆ ತಿದ್ದುವುದು ನನ್ನ ಪಾಲಿನ ಕೆಲಸ. ಮೀನಿಗೆ ರೋಗ ತರುವ ಬ್ಯಾಕ್ಟೀರಿಯಾ ಎಂಥ ನೀರಿನಲ್ಲಿ ಹೆಚ್ಚು ದಿನ ಬದುಕುತ್ತದೆ ಎನ್ನುವ ಪುಟದಲ್ಲಿ ಕೆಲಸ ನಿಂತಿದೆ.

ಕರಡಿನಲ್ಲಿ 'ಗಡಸು ನೀರು' ಎಂದಿತ್ತು. ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಿರುವ ನೀರಿಗೆ ಶಾಲೆಯ ಪುಸ್ತಕದ ಪದ. ಓದಿ ನೋಡಿದವರೊಬ್ಬರು, "ಇದು ಯಾರಿಗೂ ತಿಳಿಯಲ್ಲ, ಸವಳು ನೀರು ಅಂತ ಹಾಕಿ" ಎಂದರು. ಅವರ ಮಾತಿನಲ್ಲೂ ಅರ್ಥವಿದೆ. ನವಲಗುಂದ, ರೋಣದ ಎರೆ ಸೀಮೆಯಲ್ಲಿ ಬೋರಿನ ನೀರು ಬಾಯಿಗೆ ಹಿಡಿಸದಿದ್ದರೆ ಸವಳು ಅನ್ನುವುದು ರೂಢಿ. ಉಪ್ಪುಪ್ಪು ನೀರೂ ಸವಳು, ಸೋಪು ನೊರೆ ಬಾರದ ನೀರೂ ಸವಳು. ಮಾತಿನಲ್ಲಿ ಇದು ನಡೆಯುತ್ತೆ. ಈ ಪುಟದಲ್ಲಿ ನಡೆಯಲ್ಲ.

ಯಾಕೆಂದರೆ ಇಲ್ಲಿ ಹೇಳಬೇಕಿರುವುದು ಫ್ಲೇವೋಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ರೋಗಾಣು ಬಗ್ಗೆ. ಇದು ಮೀನಿನ ಕಿವಿರು ಕೊಳೆಸುತ್ತದೆ, ಮೈಮೇಲೆ ಬಿಳಿ ಬೂಷ್ಟಿನಂಥ ಮಚ್ಚೆ ತರುತ್ತದೆ. ಬೆಚ್ಚಗಿನ ನೀರು ಇದಕ್ಕೆ ಇಷ್ಟ. ಕ್ಯಾಲ್ಸಿಯಂ, ಮೆಗ್ನೀಷಿಯಂ ಚೆನ್ನಾಗಿರುವ ನೀರಿನಲ್ಲಿ ಜಾಸ್ತಿ ದಿನ ಉಳಿಯುತ್ತದೆ. ತಿನ್ನದೆ ಉಳಿದ ತೌಡು, ಶೇಂಗಾ ಹಿಂಡಿ ತಳದಲ್ಲಿ ಕೊಳೆಯುತ್ತಿದ್ದರಂತೂ ಇನ್ನೂ ಅನುಕೂಲ. ಗಡಸುತನ ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಇದ್ದು, ನೀರು ತುಸು ಹುಳಿಯ ಕಡೆ ಇದ್ದರೆ ಅದರ ಆಟ ಅಷ್ಟಾಗಿ ನಡೆಯಲ್ಲ.

ಆದರೆ ಅಡುಗೆ ಉಪ್ಪಿನ ವಿಷಯ ಪೂರ್ತಿ ಉಲ್ಟಾ! ನೂರಕ್ಕೆ ಒಂದು ಪಾಲು ಉಪ್ಪಿದ್ದರೆ ಇದು ಬೆಳೆಯುವುದೇ ಇಲ್ಲ. ಅದಕ್ಕಿಂತ ಕಡಿಮೆ ಉಪ್ಪಿನಲ್ಲೂ ಮೀನಿಗೆ ಅಂಟುವುದು ತಗ್ಗುತ್ತದೆ. ಅಂದರೆ 'ಗಡಸು' ತೆಗೆದು 'ಸವಳು' ಹಾಕಿದರೆ, ಯಾವುದು ರೋಗಾಣುವನ್ನು ತಡೆಯುತ್ತದೋ ಅದೇ ಸಾಕುತ್ತದೆ ಎಂದು ಓದುಗ ತಿಳಿಯುತ್ತಾನೆ. ಹಾಗಂತ ಉಪ್ಪೇ ಎಲ್ಲದಕ್ಕೂ ಮದ್ದು ಎಂದೂ ಬರೆಯುವಂತಿಲ್ಲ. ಮೈಮೇಲೆ ಕೆಂಪು ಹುಣ್ಣು ತರುವ ಏರೋಮೊನಾಸ್ ಹೈಡ್ರೋಫಿಲಾ ಇದಕ್ಕಿಂತ ಎಷ್ಟೋ ಹೆಚ್ಚು ಉಪ್ಪನ್ನು ತಾಳಿಕೊಳ್ಳುತ್ತದೆ.

'ಸುಣ್ಣದ ನೀರು' ಎನ್ನೋಣವೇ ಎಂದು ಯೋಚಿಸಿದೆ. ಅದೂ ಬೇಡ. ಹೊಂಡಕ್ಕೆ ಸುಣ್ಣ ಹಾಕುವುದು ಮೀನು ಸಾಕುವವರ ಮಾಮೂಲಿ ಕೆಲಸ. ಮೀನಿಗೂ ಕ್ಯಾಲ್ಸಿಯಂ ಬೇಕು. ಸುಣ್ಣ ಹಾಕಬೇಡಿ ಅಂತ ಹೇಳಿದಂತೆ ಆಗಿಬಿಟ್ಟರೆ ಕಷ್ಟ, ಅಲ್ವಾ?

ನನ್ನ ಒಲವು 'ಗಡಸು ನೀರು' ಎಂದೇ ಇಟ್ಟು, ಮುಂದೆ 'ಬೇಳೆ ಬೇಗ ಬೇಯದ, ಪಾತ್ರೆಗೆ ಬಿಳಿ ಕರೆ ಕಟ್ಟುವ ನೀರು' ಎಂದು ಸೇರಿಸುವ ಕಡೆಗಿದೆ. ಬೇಳೆ ಬೇಯಲು ಅಡ್ಡಿ ಮಾಡುವುದು ಹೆಚ್ಚಾಗಿ ಈ ಕ್ಯಾಲ್ಸಿಯಂ, ಮೆಗ್ನೀಷಿಯಮ್ಮೇ. ಹಾಗಾಗಿ ಗುರುತು ತಪ್ಪಲ್ಲ. ಸ್ವಲ್ಪ ಉದ್ದವಾಯಿತು, ಆದರೆ ಅಡ್ಡಿಯಿಲ್ಲ. ಇಂಥ ನೀರಿಗೆ ಮಾತ್ರ, ಉಪ್ಪು ನೀರನ್ನು ಬಿಟ್ಟು, ಶಿರಹಟ್ಟಿ, ಹಾನಗಲ್, ಕುಂದಗೋಳ ಕಡೆ ಬೇರೆ ಹೆಸರಿದೆಯೇ? ಮನೆಯಲ್ಲಿ ಹಿರಿಯರನ್ನು ಕೇಳಿ ತಿಳಿಸಿ.

ಇನ್ನೊಂದು ಚಿಕ್ಕ ಪ್ರಶ್ನೆ. ಕರಡಿನಲ್ಲಿ 'ಬದುಕುಳಿಯುವಿಕೆಯ ಪ್ರಮಾಣ' ಎಂದಿದೆ. ಓದುವಾಗ ನಾಲಿಗೆ ತೊಡರುತ್ತೆ. ಸುಮ್ನೆ 'ಬೆಳೆಯುತ್ತದೆ' ಎನ್ನಲೂ ಆಗದು. ನೀರಿನಲ್ಲಿ ಒಂದೂ ಹೆಚ್ಚಾಗದೆ ರೋಗಾಣು ದಿನಗಟ್ಟಲೆ ಜೀವ ಹಿಡಿದಿರಬಹುದು. ಕೆಲವು ಬ್ಯಾಕ್ಟೀರಿಯಾ ಜೀವಂತ ಇದ್ದರೂ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲ ಎಂದು 1982ರಲ್ಲೇ ಕಾಲರಾ ರೋಗಾಣುವಿನ ವಿಷಯದಲ್ಲಿ ಪ್ರಕಟವಾಗಿತ್ತು. ಮೊಳಕೆ ಬಾರದಿದ್ದರೂ ಒಳಗೆ ಜೀವ ಇರುವ ಬೀಜದ ಹಾಗೆ. ಹಾಗಾಗಿ 'ಬೆಳೆಯುವುದು' ಬೇರೆ, 'ಉಳಿಯುವುದು' ಬೇರೆ ಎಂದು ಎರಡನ್ನೂ ಬಿಡಿಸಿ ಬರೆಯಬೇಕೆಂದಿದ್ದೇನೆ. ತಲೆಬರಹಕ್ಕೆ 'ನೀರಿನಲ್ಲಿ ರೋಗಾಣುವಿನ ತಾಳಿಕೆ' ಎಂದರೆ ಹೊಂದುತ್ತದೆಯೇ, ಅಥವಾ 'ಬಾಳಿಕೆ' ಮೇಲೆ? ಬಾಳಿಕೆ ಎಂದರೆ ನನಗೆ ಚಪ್ಪಲಿ, ಬಟ್ಟೆಯೇ ನೆನಪಾಗುತ್ತದೆ.